ಮಾವನ ಬಿಪಿ, ನಮ್ಮ ಡಬ್ಬಿ

ಮನೆ, ಊಟದ ಮೇಜು,
ಹತ್ತೊಂಬತ್ತನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಲೋಕಾಭಿರಾಮಕ್ಕೆ ಕೇಳುತ್ತಿಲ್ಲ, ಉತ್ತರ ಬೇಕು. ‘ಚೆನ್ನಾಗಿದೀನಿ’ ಎಂದು ಒಂದೇ ಪದದಲ್ಲಿ ಬರೆದು ಕೈತೊಳೆದುಕೊಳ್ಳಬೇಡ; ಆ ಉತ್ತರವನ್ನು ನಮ್ಮ ಆಫೀಸಿನ ಯಂತ್ರಗಳೂ ಕೊಡುತ್ತವೆ, ಉಸಿರು ನಿಲ್ಲುವ ಹಿಂದಿನ ಕ್ಷಣದವರೆಗೂ ಕೊಡುತ್ತಲೇ ಇರುತ್ತವೆ. ಸುರಂಗದ ಧೂಳಿಗೆ ಶುರುವಾದ ಕೆಮ್ಮು ಹೋಯಿತೋ, ಅಥವಾ ಅದೂ ಸೈಟಿನಲ್ಲೇ ಖಾಯಂ ನೌಕರಿ ಹಿಡಿಯಿತೋ? ಹೊಸ ಬೂಟು ಹಿಮ್ಮಡಿ ಕಚ್ಚುತ್ತದೆ ಎಂದಿದ್ದೆ. ಈಗ ಬೂಟು ಪಳಗಿತೋ, ಹಿಮ್ಮಡಿ ಪಳಗಿತೋ? ಅಳತೆಯ ಉಪಕರಣವನ್ನು ನೀನೊಬ್ಬಳೇ ಹೊತ್ತು ತಿರುಗಬೇಡ, ಜೊತೆಯವರಿಗೂ ದೇವರು ಭುಜ ಕೊಟ್ಟಿದ್ದಾನೆ. ನಾವು ಮೂವರೂ ಇಲ್ಲಿ ಸುಖವಾಗಿದ್ದೇವೆ. ಮಗಳು ಓಟದ ಅಭ್ಯಾಸ ಬಿಟ್ಟಿಲ್ಲ, ಗಣಿತ ಮಾತ್ರ ಅವಳನ್ನು ಬಿಟ್ಟು ಓಡುತ್ತಿದೆ. ನಾನು ಅಡುಗೆ ಕಲಿಯುತ್ತಿದ್ದೇನೆ. ಉಪ್ಪಿನ ವಿಷಯದಲ್ಲಿ ಮಾತ್ರ ಇನ್ನೂ ಅಭಿಪ್ರಾಯಭೇದವಿದೆ.

ಹೋದ ಭಾನುವಾರದ ಫೋನಿನಲ್ಲಿ ನಿನ್ನ ಮಾತಿಗಿಂತ ನಿನ್ನ ಹಿಂದೆ ಸಾಲು ನಿಂತವರ ಗೊಣಗಾಟವೇ ಸ್ಪಷ್ಟವಾಗಿ ಕೇಳಿಸಿತು. ‘ಅಪ್ಪನ ಬಿಪಿ ಎಷ್ಟು? ಅಂಗಡಿ ಕೀಲಿ ವಾಪಸ್ ಕೊಟ್ರಾ?’ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ನಾನು ‘ಅದೇನಂದ್ರೆ...’ ಎಂದೆ. ಲೈನು ಕಟ್ಟಾಯಿತು. ಆ ‘ಅದೇನಂದ್ರೆ’ಯ ಮುಂದಿನ ಭಾಗವೇ ಈ ಪತ್ರ. ಅಂದು ನನ್ನ ಬಳಿ ಇದ್ದದ್ದು ಬರೀ ನೆಪ, ಈಗ ಕಾರಣವೂ ಇದೆ. ಈ ವಾರ ನೀವು ಸುರಂಗದ ಆಚೆ ಬದಿಗೆ ಹೋಗುವುದರಿಂದ ಫೋನು ಸಿಗುವುದಿಲ್ಲ ಎಂದಿದ್ದೆಯಲ್ಲ, ಅದಕ್ಕೇ ಇದನ್ನು ನಾಳೆ ಹೊರಡುವ ಸಾಮಾನಿನ ಲಾರಿಯ ಡ್ರೈವರ್ ಕೈಗೆ ಕೊಡುತ್ತೇನೆ. ಕೊನೆಗೆ ಹಾರಬೇಡ, ಸಾಲಾಗಿ ಓದು. ಕೀಲಿ ಇನ್ನೂ ಕೊಟ್ಟಿಲ್ಲ. ಕಟ್ಟಡದ ಮಾಲೀಕರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಬಾಡಿಗೆ ಕರಾರು ನಿನ್ನ ಹೆಸರಿನಲ್ಲಿದೆ, ನಿರ್ಧಾರವೂ ನಿನ್ನದೇ. ನಾನು ಅರ್ಜಿದಾರ ಮಾತ್ರ.

ಮೊದಲು ನಿನ್ನ ಪಕ್ಷ. ಅಂದು ಮಾವನ ಕನ್ನಡಕದ ಅಂಗಡಿಯ ಶಟರ್ ಎತ್ತಿ ನೋಡಿದವಳು ನೀನು. ನೆಲದ ಮೇಲೆ ಚೆಲ್ಲಿದ ಸಣ್ಣ ಸಣ್ಣ ಸ್ಕ್ರೂಗಳು, ಅವುಗಳ ನಡುವೆ ಎದೆ ಹಿಡಿದುಕೊಂಡು ಬಿದ್ದ ಮಾವ. ನಾನು ಆಸ್ಪತ್ರೆಗೆ ಬರುವ ಹೊತ್ತಿಗೆ ಅವರು ಬಿಳಿ ಹಾಸಿಗೆಯ ಮೇಲೆ ಮಲಗಿ ನರ್ಸಮ್ಮನ ಕನ್ನಡಕ ಮೂಗಿನ ಮೇಲೆ ಓರೆಯಾಗಿದೆ ಎಂದು ಹೇಳುತ್ತಿದ್ದರು. ನಾನು ಕಂಡದ್ದು ಅದನ್ನು, ನೀನು ಕಂಡದ್ದು ಆ ನೆಲವನ್ನು. ‘ಅಂಗಡಿ’ ಎಂದರೆ ನಿನ್ನ ಕಣ್ಣಿಗೆ ಇವತ್ತಿಗೂ ಬರುವುದು ಆ ನೆಲವೇ ಎಂದು ನನಗೆ ಗೊತ್ತು. ಹಾಗಾಗಿ ‘ಅಂಗಡಿ ಬಿಟ್ಬಿಡೋಣಪ್ಪಾ’ ಎಂದು ನೀನು ಅಂದಾಗ ನಾನು ಚಕಾರ ಎತ್ತಲಿಲ್ಲ. ಮಾವನೂ ಎತ್ತಲಿಲ್ಲ. ‘ನೀನು ಹೇಳಿದ ಹಾಗೇ ಆಗ್ಲಮ್ಮ’ ಎಂದರು, ಆಮೇಲೆ ಎರಡು ದಿನ ಪೇಪರನ್ನೂ ಬಿಡಿಸಲಿಲ್ಲ. ನೀನು ಆಗಲೇ ಸೈಟಿಗೆ ಹೊರಟಾಗಿತ್ತು.

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅವರ ಮೇಲೆ ನಾವು ಹೇರಿದ ಕಾವಲು ನಿನಗೂ ಗೊತ್ತು. ನೀನೇ ಅದರ ದಂಡನಾಯಕಿ. ಆದರೆ ನೀನು ಹೋದ ಮೇಲೆ ಅದು ಎಷ್ಟು ಬೆಳೆಯಿತು ಎಂದು ನಿನಗೆ ತಿಳಿಯದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಪಿ ನೋಡಿ ಎಂದು ನೀನು ಹೇಳಿದ್ದೆ. ನಿನ್ನ ಅಕ್ಕ ವಿಡಿಯೋ ಕರೆ ಮಾಡಿ ‘ನಿನ್ನ ನಂಬೋಕಾಗಲ್ಲಪ್ಪಾ, ನನ್ನೆದುರಿಗೇ ನೋಡ್ಕೋ’ ಎಂದು ತನ್ನ ಪಾಲಿನದನ್ನೂ ಸೇರಿಸಿದಳು. ನಮ್ಮ ಮಗಳು ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದು ಬ್ಯಾಗು ಇಳಿಸುವ ಮುಂಚೆ ಒಮ್ಮೆ. ಅವಳಿಗೆ ಮಾವ ಇಟ್ಟ ಹೆಸರು ‘ಇನ್‌ಸ್ಪೆಕ್ಟರ್’. ನಾನು ಆಫೀಸಿನಿಂದ ಟೀಗೆ ಎದ್ದಾಗಲೆಲ್ಲ ಫೋನು ಮಾಡಿ ‘ಮಾವಾ, ಎಷ್ಟಿದೆ?’ ಅನ್ನುವುದು. ಅಂಕಿ ಸ್ವಲ್ಪ ಹೆಚ್ಚಿದ್ದರೆ ಮತ್ತೆ ನೋಡು, ಮತ್ತೆ ನೋಡಿದರೆ ಆ ಚಿಂತೆಗೇ ಇನ್ನಷ್ಟು ಹೆಚ್ಚು. ಪಟ್ಟಿ ಸುತ್ತಿ ಸುತ್ತಿ, ಮಾವನ ತೋಳು ಬತ್ತಿ. ‘ನಾನೇನು ಹವಾಮಾನವೇನಪ್ಪಾ, ಗಂಟೆಗೊಂದ್ಸಲ ವರದಿ ಕೊಡೋಕೆ?’ ಎಂದು ಒಮ್ಮೆ ಕೇಳಿದರು. ನಾವೆಲ್ಲ ನಕ್ಕು ಅದಕ್ಕೂ ಒಮ್ಮೆ ಬಿಪಿ ನೋಡಿದೆವು. ಮಾತ್ರೆ ತಪ್ಪಿರಲಿಲ್ಲ, ಪಥ್ಯ ತಪ್ಪಿರಲಿಲ್ಲ, ಅಂಕಿ ಮಾತ್ರ ಕೆಳಗಿಳಿಯಲೊಲ್ಲದು. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸುವ ಮಾತಾಡುತ್ತಿದ್ದರು.

ಈಗ ಸ್ವಲ್ಪ ಆಫೀಸಿಗೆ ಬಾ. ನಿಟ್ಟುಸಿರು ಬಿಡಬೇಡ, ಇದು ಬೇಕು. ಮದುವೆಯಾದಾಗಿನಿಂದ ‘ನಿಮ್ಮ ಕೆಲಸ ಏನೂಂತ ಯಾರಾದ್ರೂ ಕೇಳಿದ್ರೆ ಏನ್ರೀ ಹೇಳ್ಲಿ?’ ಎಂದು ಕೇಳುತ್ತಿದ್ದೀಯ. ಈ ಸಲ ಹೇಳುವಷ್ಟು ತಿಳಿಯುತ್ತದೆ. ನಮ್ಮ ಕಂಟೈನರ್ ಹಡಗಿನ ಮೇಲಿನದ್ದಲ್ಲ. ಒಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸರಂಜಾಮನ್ನೂ ಒಟ್ಟಿಗೆ ಕಟ್ಟಿದ ಬುತ್ತಿಯ ಡಬ್ಬಿ ಅಂದುಕೋ. ಅಂಥ ನೂರಾರು ಡಬ್ಬಿಗಳು ಒಂದು ಗುಂಪು ಕಂಪ್ಯೂಟರುಗಳ ಮೇಲೆ ಒಟ್ಟಿಗೆ ದುಡಿಯುತ್ತವೆ. ಆ ಗುಂಪಿಗೆ ಕ್ಲಸ್ಟರ್ ಎನ್ನುತ್ತೇವೆ. ಒಂದು ಡಬ್ಬಿ ಬಿದ್ದರೆ ಇನ್ನೊಂದು ತಾನಾಗಿ ಎದ್ದು ನಿಲ್ಲುತ್ತದೆ. ಕ್ಲಿನಿಕ್ಕುಗಳ ಕೌಂಟರಿನಲ್ಲಿ ಕೂತವರು ರೋಗಿಯ ರಕ್ತಪರೀಕ್ಷೆಯ ವರದಿ ತೆರೆದರೆ, ಅದನ್ನು ಉಗ್ರಾಣದಿಂದ ತಂದು ಕೊಡುವುದು ಈ ಡಬ್ಬಿಗಳು. ಉಗ್ರಾಣ ಅಂದರೆ ಡೇಟಾಬೇಸು, ಎಲ್ಲ ಡಬ್ಬಿಗೂ ಸೇರಿ ಒಂದೇ. ಈ ಡಬ್ಬಿಗಳ ಆರೋಗ್ಯ ನೋಡುವವನು ನಾನು. ಗೋಡೆ ತುಂಬ ಪರದೆ, ಪರದೆ ತುಂಬ ಗೆರೆ. ಗೆರೆ ಏರಿದರೆ ನಾನು ಏಳಬೇಕು. ಮಾಡುವ ಕೆಲಸ ಅಷ್ಟೇ, ಸಂಬಳ ಅದಕ್ಕೇ.

ಕೆಲವು ವಾರಗಳಿಂದ ವರದಿ ತೆರೆಯುವುದು ನಿಧಾನವಾಗಿತ್ತು. ‘ಚಕ್ರ ತಿರುಗ್ತಾನೇ ಇದೆ ಸಾರ್, ಇಲ್ಲಿ ಪೇಷೆಂಟ್ ನನ್ ಮುಖಾನೇ ನೋಡ್ತಿದಾರೆ’ ಎಂದು ಕೌಂಟರಿನವರ ಕರೆಗಳು. ನಮ್ಮ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಗ್ರಾಫ್ ಗುರು. ಪ್ರತಿ ದೂರಿನ ನಂತರವೂ ಅವರು ಸಭೆ ಕರೆಯುವರು, ಪ್ರತಿ ಸಭೆಯ ಕೊನೆಗೂ ಒಂದೇ ತೀರ್ಮಾನ: ‘ಇನ್ನೊಂದು ತಪಾಸಣೆ ಹಾಕೋಣ.’ ಹೀಗೆ ಒಂದೊಂದು ಡಬ್ಬಿಯ ಬಾಗಿಲು ತಟ್ಟಿ ‘ಹೇಗಿದೀಯಾ’ ಎಂದು ಕೇಳುವ ಪ್ರೋಗ್ರಾಮುಗಳು ಹೆಚ್ಚುತ್ತ ಹೋದವು. ಸುಮ್ಮನೆ ಕೇಳಿದರೆ ಸಾಲದು, ಡಬ್ಬಿ ಪ್ರತಿ ಸಲವೂ ಉಗ್ರಾಣದವರೆಗೆ ಹೋಗಿ ಅಲ್ಲಿ ಎಲ್ಲ ಸರಿಯಿದೆಯೆ ಎಂದು ನೋಡಿ ಬಂದು ಉತ್ತರ ಹೇಳಬೇಕು ಎಂಬ ನಿಯಮವನ್ನೂ ಅವರೇ ಮಾಡಿದರು. ನಿಧಾನವಾಗಿದೆಯಲ್ಲ ಎಂದು ಡಬ್ಬಿಗಳ ಸಂಖ್ಯೆಯನ್ನೂ ಹೆಚ್ಚಿಸಿದರು. ಡಬ್ಬಿ ಹೆಚ್ಚಿದಂತೆ ವಿಚಾರಣೆಯೂ ಹೆಚ್ಚಿತು. ಗೋಡೆಯೆಲ್ಲ ಹಸಿರು, ಒಳಗೊಳಗೇ ಏದುಸಿರು. ಮಂತ್ರಕ್ಕಿಂತ ಉಗುಳೇ ಜಾಸ್ತಿ ಅನ್ನುವುದು ಇದಕ್ಕೇ ಇರಬೇಕು. ಆದರೆ ಅಷ್ಟು ಉಗುಳಿನ ನಡುವೆ ಕೂತವರಿಗೆ, ನನ್ನನ್ನೂ ಸೇರಿಸಿ, ಅದು ಕಾಣಲಿಲ್ಲ.

ಮಂಗಳವಾರ ಬೆಳಿಗ್ಗೆ ಪರದೆಗಳೆಲ್ಲ ಒಮ್ಮೆಗೇ ಕಪ್ಪಾದವು. ಡಬ್ಬಿಗಳಿಗೇನೂ ಆಗಿರಲಿಲ್ಲ, ಬಾಗಿಲು ತಟ್ಟುವ ಪ್ರೋಗ್ರಾಮುಗಳನ್ನೆಲ್ಲ ನಡೆಸಿ ಅಂಕಿ ಸಂಗ್ರಹಿಸುವ ನಮ್ಮ ಯಂತ್ರವೇ ತಾನು ತುಂಬಿಟ್ಟುಕೊಂಡ ಅಂಕಿಗಳಿಂದ ಹೊಟ್ಟೆಯುಬ್ಬಿ ಮಲಗಿತ್ತು. ಹುಡುಕುವವನೇ ಕಳೆದುಹೋದ ಹಾಗೆ. ಗುರುಗಳು ಬೆವತುಹೋದರು. ‘ಏನಾಗ್ತಿದೆ ಅಂತಾನೇ ಗೊತ್ತಾಗ್ತಿಲ್ವಲ್ರೀ!’ ಎಂದು ಕೋಣೆಯ ಉದ್ದಗಲ ಅಳೆದರು. ನಾವು ಜಾಗ ಖಾಲಿ ಮಾಡುವುದು, ಯಂತ್ರ ಎಬ್ಬಿಸುವುದು, ಅದು ಮತ್ತೆ ಮಲಗುವುದು. ಈ ಗಲಾಟೆಯಲ್ಲಿ ನಾನು ಮಾವನಿಗೆ ಒಂದೇ ಒಂದು ಫೋನು ಮಾಡಲಿಲ್ಲ. ನೆನಪೇ ಆಗಲಿಲ್ಲ. ಪಕ್ಕದ ಕುರ್ಚಿಯ ಮೇಡಂ (ಮಾತು ಕಡಿಮೆ, ಮೊನಚು ಜಾಸ್ತಿ ಎಂದು ನಿನಗೆ ಹೇಳಿದ್ದೆನಲ್ಲ, ಅವರೇ) ಮಧ್ಯಾಹ್ನ ಊಟದ ಡಬ್ಬಿ ತೆಗೆಯುತ್ತ ‘ಇವತ್ತು ಕ್ಲಿನಿಕ್ಕಿನಿಂದ ಒಂದೂ ಕರೆ ಬಂದಿಲ್ಲ, ಗಮನಿಸಿದ್ರಾ?’ ಎಂದರು. ಗೋಡೆ ಕಪ್ಪು, ಫೋನು ಗಪ್‌ಚುಪ್ಪು. ಸಂಜೆ ಯಂತ್ರ ಎದ್ದಿತು, ಪರದೆ ಬೆಳಗಿತು, ಅದರ ಬೆನ್ನಿಗೇ ದೂರಿನ ಕರೆಗಳೂ ಶುರುವಾದವು. ಗುರುಗಳು ಹೆಮ್ಮೆಯಿಂದ, ‘ನೋಡಿ, ತೊಂದರೆ ಶುರುವಾದ ಕೂಡಲೇ ನಮ್ಮ ಪರದೆ ಹಿಡೀತು!’ ಎಂದರು. ಮೇಡಂ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ, ನಕ್ಕುಬಿಡುವ ಭಯ.

ಆಗ ನೆನಪಾಯಿತು, ಮಾವ. ಫೋನು ಮಾಡಿದೆ, ಎತ್ತಲಿಲ್ಲ. ಮನೆಗೆ ಓಡಿದೆ, ಬಾಗಿಲಿಗೆ ಬೀಗ. ಮಗಳು ಓಟದ ಅಭ್ಯಾಸದಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದಳು, ಮುಖ ಸುಣ್ಣದಂತಾಗಿತ್ತು. ‘ಅಪ್ಪಾ, ತಾತ ಇಲ್ಲ.’ ಎಲ್ಲಿಗೆ ಹೋಗಿರಬಹುದು ಎಂದು ಯೋಚಿಸುವ ಅಗತ್ಯ ಬೀಳಲಿಲ್ಲ. ಕಾಲು ತಾನಾಗಿ ಆ ಬೀದಿಗೆ ತಿರುಗಿತು. ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಒಳಗೆ ಬೆಂಚಿನ ದೀಪ. ಮಾವ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದ ತುದಿಯಲ್ಲಿ ಒಂದು ಸ್ಕ್ರೂ ಹಿಡಿದಿದ್ದರು. ಎದುರಿಗೆ ಮೂಲೆಯಂಗಡಿಯ ಟೈಲರಮ್ಮ. ‘ಬೇಗ ಮಾಡಿ ಯಜಮಾನ್ರೇ, ನೀವು ಬಾಗ್ಲು ಹಾಕಿದಾಗ್ಲಿಂದ ಸೂಜಿ ಕಾಣ್ದೆ ಬೆರಳಿಗೇ ಹೊಲಿಗೆ ಹಾಕ್ಕೋತಿದೀನಿ’ ಎನ್ನುತ್ತಿದ್ದಳು. ‘ಬಿಡಮ್ಮ, ನೀನು ಹಾಕಿದ ಹೊಲಿಗೆ ಅಲ್ವಾ, ಬೆರಳು ಬಿಚ್ಚಿಕೊಳ್ಳಲ್ಲ’ ಎಂದರು ಮಾವ. ಅವರ ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, ‘ಏನು ಅಳಿಯಂದಿರೇ, ಮುಖ ನೋಡಿದ್ರೆ ಬಿಪಿ ನಿಮಗೇ ನೋಡ್ಬೇಕು ಅನ್ಸತ್ತೆ’ ಎಂದರು.

ಬೆಳಿಗ್ಗೆಯಿಂದ ಯಾರೂ ಫೋನು ಮಾಡಲಿಲ್ಲವಂತೆ. ನಿನ್ನ ಅಕ್ಕನಿಗೂ ಅಂದು ಮನೆ ತುಂಬ ನೆಂಟರು. ಎಲ್ಲರೂ ಮರೆತಿದ್ದಾರೆ ಅಂದರೆ ತಾನು ಗುಣವಾಗಿರಬೇಕು ಎಂದುಕೊಂಡು ಮಾತ್ರೆ ನುಂಗಿ, ಮನೆಯಲ್ಲೇ ಇದ್ದ ಅಂಗಡಿ ಕೀಲಿ ಜೇಬಿಗಿಳಿಸಿ, ಕೊಡೆ ಹಿಡಿದು, ನಿಧಾನಕ್ಕೆ ನಡೆದುಕೊಂಡು ಬಂದರಂತೆ. ಮನೆಗೆ ಕರೆತಂದೆವು. ಇನ್‌ಸ್ಪೆಕ್ಟರು ಕಣ್ಣು ಕೆಂಪಗೆ ಮಾಡಿಕೊಂಡೇ ಪಟ್ಟಿ ಸುತ್ತಿದಳು. ಅಂಕಿ ನೋಡಿದಳು, ನಂಬಲಿಲ್ಲ. ಇನ್ನೊಂದು ತೋಳಿಗೆ ಸುತ್ತಿದಳು, ಅದೇ ಅಂಕಿ. ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ಒಳ್ಳೆಯ ಅಂಕಿ ನಾವು ಕಂಡಿರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದು ನನ್ನ ತೋಳಿಗೆ ಕಟ್ಟಿ ನೋಡಿದಳು. ಯಂತ್ರ ಸರಿಯಾಗಿಯೇ ಇತ್ತು, ಕೆಟ್ಟಿದ್ದವನು ನಾನು.

ಒಂದೇ ದಿನ, ಎರಡು ಕಡೆ, ಕೇಳುವವರಿಲ್ಲದಾಗ ಎರಡೂ ಚೇತರಿಸಿಕೊಂಡವು. ಇದನ್ನು ತಲೆದಿಂಬಿನ ಕೆಳಗಿಟ್ಟು ಮಲಗಲು ನನ್ನಿಂದಾಗಲಿಲ್ಲ. ಮರುದಿನ ಆಫೀಸಿಗೆ ಹೋದವನೇ ಉಗ್ರಾಣ ದಿನವಿಡೀ ಯಾರ ಕೆಲಸ ಮಾಡುತ್ತದೆ ಎಂದು ತೆಗೆದು ನೋಡಿದೆ. ಮೇಡಂ ಬಗ್ಗಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ‘ಇದೇನ್ರೀ, ಅರ್ಧಕ್ಕಿಂತ ಜಾಸ್ತಿ ಹೊತ್ತು ಇದು ಹೇಗಿದೀಯಾ ಅನ್ನೋದಕ್ಕೇ ಉತ್ರ ಕೊಡ್ತಾ ಕೂತಿದೆ! ವರದಿ ಕೊಡೋದು ಯಾವಾಗ?’ ಮಂಗಳವಾರ ಕೇಳುವ ಯಂತ್ರ ಮಲಗಿದ್ದಾಗ ಉಗ್ರಾಣಕ್ಕೆ ಬಿಡುವು ಸಿಕ್ಕಿತ್ತು, ವರದಿಗಳು ಹಾರಿಕೊಂಡು ಹೋಗಿದ್ದವು. ವಿಚಾರಣೆ ಜಾಸ್ತಿ, ಆರೋಗ್ಯ ನಾಸ್ತಿ. ಗುರುಗಳಿಗೆ ತೋರಿಸಿದೆವು. ಅವರು ಬಹಳ ಹೊತ್ತು ಗಲ್ಲ ಕೆರೆದುಕೊಂಡು, ‘ಹಾಗಾದ್ರೆ ಈ ವಿಚಾರಣೆಯ ಭಾರ ಎಷ್ಟು ಅಂತ ಕಾಯೋಕೆ ಒಂದು ತಪಾಸಣೆ...’ ಎಂದು ಶುರುಮಾಡಿ, ತಾವೇ ನಿಲ್ಲಿಸಿ, ತಾವೇ ನಕ್ಕರು. ಒಳ್ಳೆಯ ಮನುಷ್ಯ, ಪಾಪ.

ಕೇಳುವುದನ್ನೇ ಬಿಟ್ಟುಬಿಟ್ಟೆವು ಎಂದುಕೊಳ್ಳಬೇಡ. ನೀನು ಹಾಗೇ ಅಂದುಕೊಳ್ಳುತ್ತೀಯ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಬದುಕಿದ್ದೀಯಾ ಎಂಬ ಸಣ್ಣ ಪ್ರಶ್ನೆ ಹಾಗೇ ಇದೆ. ಅದಕ್ಕೆ ಡಬ್ಬಿ ಕೂತಲ್ಲಿಂದಲೇ ಹೂಂ ಅಂದರೆ ಸಾಕು. ಉಗ್ರಾಣಕ್ಕೆ ಹೋಗಿ ಬರುವ ದೊಡ್ಡ ಪ್ರಶ್ನೆಯನ್ನು ಒಂದೇ ಪ್ರೋಗ್ರಾಮು ಕೇಳುತ್ತದೆ, ಅದೂ ಅಪರೂಪಕ್ಕೆ. ಉಳಿದಂತೆ ನಾವು ನೋಡುವುದು ಡಬ್ಬಿಯ ಮುಖವನ್ನಲ್ಲ, ಅದು ಮಾಡುವ ಕೆಲಸವನ್ನು: ವರದಿ ಎಷ್ಟು ಬೇಗ ತೆರೆಯಿತು, ಎಷ್ಟು ಸಲ ತೆರೆಯಲಿಲ್ಲ. ಮೊನ್ನೆ ಒಂದು ಡಬ್ಬಿ ಮೆಮೊರಿ ನುಂಗಿ ನುಂಗಿ ಕುಂಬಳಕಾಯಿಯಂತೆ ಊದತೊಡಗಿತು. ಉಳಿಸಿಕೊಂಡ ನಾಲ್ಕು ಎಚ್ಚರಿಕೆಗಳಲ್ಲಿ ಒಂದು ತಕ್ಷಣ ಕೂಗಿತು, ಕ್ಲಿನಿಕ್ಕಿನವರಿಗೆ ಗೊತ್ತಾಗುವ ಮುಂಚೆ ಸರಿಮಾಡಿದೆವು. ಹಿಂದಿನ ಗದ್ದಲದಲ್ಲಾಗಿದ್ದರೆ ಆ ಕೂಗು ಸಂತೆಯಲ್ಲಿ ಪಿಸುಮಾತಾಗುತ್ತಿತ್ತು. ಶುಕ್ರವಾರ ಕೌಂಟರಿನವಳೊಬ್ಬಳು ಫೋನು ಮಾಡಿ, ‘ಸಾರ್, ಏನಾದ್ರೂ ಕೆಟ್ಟಿದ್ಯಾ? ಎಲ್ಲಾ ಬೇಗ ಬೇಗ ತೆಗೀತಿದೆ, ಭಯ ಆಗ್ತಿದೆ’ ಎಂದಳು. ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಅದೇ ಸಂಜೆ ಮಾವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮನುಷ್ಯರು ಡಬ್ಬಿಯಲ್ಲ, ಅಷ್ಟು ಬುದ್ಧಿ ನನಗಿದೆ. ನನ್ನ ಕ್ಲಸ್ಟರಿನ ಮದ್ದನ್ನು ನಿನ್ನ ತಂದೆಗೆ ಕುಡಿಸುವಷ್ಟು ಧೈರ್ಯವಿಲ್ಲ. ಎಲ್ಲ ಹೇಳಿದೆ, ಅಂಗಡಿಗೆ ಹೋದದ್ದನ್ನೂ ಹೇಳಿದೆ. ಅವರು ಎದೆ, ನಾಡಿ ಎಲ್ಲ ನೋಡಿ, ‘ದಿನಕ್ಕೆ ಎರಡು ಸಲ ಸಾಕು. ಕಾಲು ನೆಲಕ್ಕಿಟ್ಟು, ಮಾತಾಡದೆ, ಸಮಾಧಾನವಾಗಿ ಕೂತು ನೋಡಿ. ನಿಮ್ಮ ಮನೆಯವರು ನೋಡ್ತಿರೋದು ಬಿಪಿ ಅಲ್ಲ, ಇವರ ತಾಳ್ಮೆ’ ಎಂದರು. ಹೊಸ ಮಾತ್ರೆ ಸದ್ಯಕ್ಕೆ ಬೇಡವಂತೆ. ಅಂಗಡಿಯ ಬಗ್ಗೆ ಕೇಳಿದೆ. ‘ಕೂತು ಮಾಡೋ ಕೆಲಸ, ಅರ್ಧ ದಿನ, ಧಾರಾಳವಾಗಿ ಮಾಡ್ಲಿ. ಭಾರ ಎತ್ತಬಾರದು, ಶಟರ್ ಎಳೀಬಾರದು, ಒಬ್ಬರೇ ಇರಬಾರದು’ ಎಂದವರು ತಮ್ಮ ಕನ್ನಡಕ ಬಿಚ್ಚಿ ಮಾವನ ಕೈಗಿಟ್ಟು, ‘ಇದರ ಕಾಲು ಯಾಕೋ ಸಡಿಲ ಆಗಿದೆ’ ಅಂದರು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದ ರೀತಿ ನೀನು ನೋಡಬೇಕಿತ್ತು. ಆ ಡಾಕ್ಟರು ಅವರ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದದ್ದೂ ಹಾಗೆಯೇ.

ಇಷ್ಟು ನನ್ನ ಅರ್ಜಿ. ಬೆಳಿಗ್ಗೆ ಶಟರ್ ನಾನು ಎತ್ತುತ್ತೇನೆ, ಮಧ್ಯಾಹ್ನ ಇಳಿಸಲು ಟೈಲರಮ್ಮ ಒಪ್ಪಿದ್ದಾಳೆ. ಅವಳ ಹೊಲಿಗೆ ಯಂತ್ರವನ್ನು ನಮ್ಮ ಅಂಗಡಿಯ ಇನ್ನೊಂದು ಮೂಲೆಗೆ ತಂದಿಟ್ಟುಕೊಳ್ಳಲು ಕೇಳಿದ್ದೇನೆ, ಒಬ್ಬರಿಗೊಬ್ಬರು ಜೊತೆ, ಜಗಳಕ್ಕೂ ಆಯಿತು. ನಿನ್ನ ಅಕ್ಕನಿಗೆ ವಾರಕ್ಕೊಂದು ವರದಿ ಕಳಿಸುತ್ತೇನೆ ಎಂದು ಒಪ್ಪಿಸಿದ್ದೇನೆ, ಬೈಸಿಕೊಂಡೇ ಒಪ್ಪಿಸಿದ್ದೇನೆ. ನಿನ್ನ ಕಣ್ಣಿನಿಂದ ಆ ನೆಲವನ್ನು ಅಳಿಸಲು ನನ್ನ ಕೈಲಾಗದು. ಆದರೆ ನೀನು ರಜೆಗೆ ಬಂದಾಗ ಅದರ ಮೇಲೆ ಸ್ಟೂಲು ಹಾಕಿಕೊಂಡು ಕೂತ ಮಾವನನ್ನು ಒಮ್ಮೆ ನೋಡು. ಆಮೇಲೆ ಏನು ಹೇಳುತ್ತೀಯೋ ಹೇಳು.

ಆರೋಗ್ಯ ಕಾಪಾಡಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು, ಹೆಲ್ಮೆಟ್ಟನ್ನು ತಲೆಯ ಮೇಲೆ ಹಾಕು, ಕಂಕುಳಲ್ಲಿ ಇಟ್ಟುಕೊಳ್ಳಬೇಡ. ನಿಮ್ಮ ಸುರಂಗದ ಎರಡೂ ತುದಿ ನೀನು ಅಳೆದ ಜಾಗದಲ್ಲೇ ಸಂಧಿಸಲಿ. ಮಗಳ ಮುತ್ತುಗಳು, ಮಾವನ ಆಶೀರ್ವಾದ, ನನ್ನ ಬಾಕಿ ಎಲ್ಲ.

ನೀನು ಸಾವಿರ ಸಲ ಕೂಗಿದರೆ ಅರ್ಧ ಸಲ ಮಾತ್ರ ಓಗೊಡುವ,
ನಿನ್ನ ‘ರೀ’

ತಾ.ಕ.: ಲಾರಿಯ ಡ್ರೈವರ್ ಇವತ್ತೇ ಹೊರಡುತ್ತಾನಂತೆ, ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಡಾಕ್ಟರ ಬಳಿಯಿಂದ ಬರುವ ದಾರಿಯಲ್ಲಿ ಮಾವ, ‘ಅವಳು ಒಪ್ತಾಳಾ?’ ಎಂದು ಕೇಳಿದರು. ನನ್ನ ಬಾಯಿ ನನ್ನನ್ನು ಕೇಳದೆ ‘ಆಗ್ಲೇ ಒಪ್ಪಿದಾಳೆ ಮಾವ’ ಎಂದುಬಿಟ್ಟಿತು. ಅಂಗಡಿ ನಿನ್ನೆಯೇ ತೆರೆದಾಯಿತು. ಕೀಲಿ ಕೊಡುವುದಿಲ್ಲ ಎಂದು ಮಾಲೀಕರಿಗೂ ಹೇಳಿಯಾಯಿತು. ಮಾವ ನಿನಗೆ ಬೇರೆಯೇ ಕಾಗದ ಬರೆದು ಇದೇ ಲಾರಿಗೆ ಕೊಟ್ಟಿದ್ದಾರೆ, ತುಂಬ ಉದ್ದ, ನನಗೆ ಓದಲು ಕೊಡಲಿಲ್ಲ. ಅವರಿಗೆ ಉತ್ತರ ಬರೆಯುವಾಗ ಮೊದಲೇ ಒಪ್ಪಿದ್ದವಳ ಹಾಗೆ ಬರೆ. ನನಗೆ ಬೈಯುವುದನ್ನೆಲ್ಲ ಬೇರೆ ಹಾಳೆಯಲ್ಲಿ ಬೈದು ಆಫೀಸಿನ ವಿಳಾಸಕ್ಕೆ ಕಳಿಸು. ನಿನ್ನೆಯಿಂದ ಅವರು ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಾರೆ: ‘ನಾನೇನೂ ಕೇಳಿರ್ಲಿಲ್ಲ. ನನ್ ಮಗಳೇ ಹೇಳಿ ಕಳಿಸಿದ್ಲು, ಅಂಗಡಿ ತೆಗಿಯಪ್ಪಾ ಅಂತ.’